ತಪ್ಪಿದ ದಾರಿಯ ಬೆನ್ನು ಹತ್ತಿ

"ಹೊತ್ತು ಮುಳುಗೋದ್ರೊಳಗ ಅಕಿನ್ನ ಕೆಳಗ ಇಳಿಸ್ಬೇಕು," ಎಂದರು ಸಿದ್ದಲಿಂಗೇಶ್ ಮೇಷ್ಟ್ರು. "ಮ್ಯಾಲೆ ಕರಡಿ ಅದಾವ. ಯಾರ್ ಬರ್ತೀರಿ ನನ್ನ ಜೊತಿಗೆ?"

ಕುರುಗೋಡಿನ ಗುಡ್ಡದ ಬುಡದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ಯಾರಿಗೂ ಏಳುವ ತ್ರಾಣವಿರಲಿಲ್ಲ. ಬೆಳಿಗ್ಗೆಯಿಂದ ಬಂಡೆ ಹತ್ತಿ ಇಳಿದು ಬಂದವರು ಕಾಲು ಚಾಚಿ ಒರಗಿದ್ದರು. ಬಹಳ ಮಂದಿ ಬಸ್ಸು ಹಿಡಿದು ಊರಿಗೆ ಹೋಗಿಯಾಗಿತ್ತು. ಗುಡ್ಡಕ್ಕೆ ಹೋದವರೆಲ್ಲ ತಿರುಗಿ ಬಂದಿದ್ದರು, ಅಂಜನಾ ಒಬ್ಬಳನ್ನು ಬಿಟ್ಟು.

ಓರಿಯೆಂಟಿಯರಿಂಗ್ ಎಂಬ ಈ ಆಟವನ್ನು ಮೇಷ್ಟ್ರು ಬಳ್ಳಾರಿಗೆ ತಂದು ಎರಡು ವರ್ಷವಾಗಿತ್ತು. ಕೈಗೊಂದು ನಕ್ಷೆ, ಒಂದು ದಿಕ್ಸೂಚಿ ಕೊಟ್ಟು ಬಿಟ್ಟುಬಿಡುತ್ತಾರೆ. ಗುಡ್ಡದಲ್ಲಿ ಅಲ್ಲಲ್ಲಿ ಕೇಸರಿ ಬಿಳಿ ಬಾವುಟ ಕಟ್ಟಿರುತ್ತಾರೆ. ದಾರಿ ನಾವೇ ಹುಡುಕಬೇಕು, ಪ್ರತಿ ಬಾವುಟದ ಹತ್ತಿರ ಚೀಟಿಗೆ ತೂತು ಹಾಕಿಕೊಳ್ಳಬೇಕು, ಎಲ್ಲ ಮುಗಿಸಿ ಬೇಗ ಬಂದವರು ಗೆದ್ದಂತೆ. ಫೋನು ಒಯ್ಯುವ ಹಾಗಿಲ್ಲ. ಕಾಲಿಗೂ ತಲೆಗೂ ಒಟ್ಟಿಗೇ ಕೆಲಸ.

ನೀಲಾವತಿ ಎದ್ದು ನಿಂತಳು. ಅವಳು ಓಡಿದವಳಲ್ಲ. ಬೆಳಿಗ್ಗೆಯಿಂದ ನೀರಿನ ಕ್ಯಾನಿನ ಹಿಂದೆ ನಿಂತು ಬಂದವರಿಗೆ ಗ್ಲೂಕೋಸ್ ಕಲಸಿ ಕೊಟ್ಟವಳು. ಅಂಜನಾ, ಅವಳು ಇಬ್ಬರೂ ಬಳ್ಳಾರಿಯ ಒಂದೇ ಜೀನ್ಸ್ ಘಟಕದಲ್ಲಿ ಅಕ್ಕಪಕ್ಕದ ಮಷಿನ್ನಿಗೆ ಕೂರುವವರು. ಅರ್ಜೆಂಟ್ ಆರ್ಡರ್ ಇತ್ತೆಂದು ಶನಿವಾರ ರಾತ್ರಿಯೆಲ್ಲ ಹೊಲಿದು, ಉಟ್ಟ ಬಟ್ಟೆಯಲ್ಲೇ ಎದ್ದು ಟೆಂಪೋ ಹತ್ತಿ ಬಂದಿದ್ದರು. ನೀಲಾವತಿಯ ಕಣ್ಣಲ್ಲಿ ಮರಳು ಸುರಿದ ಹಾಗಿತ್ತು.

ಅವಳ ಮುಂದೆ ಅಂಜನಾಳ ತಾಯಿ ಪಾರಮ್ಮ ನಿಂತಿದ್ದಳು. ಮಗಳು ಓಡುವುದನ್ನು ನೋಡಲೆಂದು ದೇಶನೂರಿನಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವಳು. ಬುತ್ತಿಯ ಗಂಟು ಇನ್ನೂ ಬಿಚ್ಚಿರಲಿಲ್ಲ.

"ನಾನು ಬ್ಯಾಡಂದಿದ್ದೆ," ಎಂದಳು ಪಾರಮ್ಮ. ದನಿ ಏರಿಸಲಿಲ್ಲ. "ಎಂದೂ ಬಾಯಿ ಬಿಡದಾಕಿ ನೀನು, ಆವತ್ತು ಮನಿಗೆ ಬಂದು ಒಂದು ತಾಸು ಮಾತಾಡಿದಿ. ನಿನ್ನ ಮಾತಿನ ಮ್ಯಾಲೆ ಕಳಿಸೀನಿ ನೀಲಾ. ನೀನೇ ಕರ್ಕಂಡ್ ಬಾ."

"ಹೂಂ," ಎಂದಳು ನೀಲಾವತಿ.

ಉಳಿದವರನ್ನು ಮೇಷ್ಟ್ರು ಕಾಲುವೆಯ ಕಡೆಗೂ ರಸ್ತೆಯ ಕಡೆಗೂ ಅಟ್ಟಿದರು. ಅರಣ್ಯದವರಿಗೆ ಫೋನು ಹೋಗಿತ್ತು, ಆದರೆ ಅವರು ಬಂದು ಮುಟ್ಟುವಷ್ಟರಲ್ಲಿ ಕತ್ತಲಾಗುವುದು ಖಂಡಿತ. ಮೂರನೆಯವನಾಗಿ ಟೆಂಪೋ ಡ್ರೈವರ್ ಎರ್ರೆಪ್ಪ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಒಂದು ಬಡಿಗೆ ಹುಡುಕಿಕೊಂಡು ಬಂದ. ಬಾದನಹಟ್ಟಿಯವನು, ಐವತ್ತು ದಾಟಿದವನು, ಹೊಟ್ಟೆ ಸ್ವಲ್ಪ ಮುಂದೆ.

"ನಂದು ಗೇರ್ ಹಾಕೋ ಕೆಲಸ, ಗುಡ್ಡ ಹತ್ತೋದಲ್ಲ," ಎಂದು ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಹೆಜ್ಜೆ ಹಾಕಿದ.

ಗುಡ್ಡವೆಂದರೆ ಒಂದೇ ಗುಡ್ಡವಲ್ಲ. ಯಾರೋ ಬುಟ್ಟಿಗಟ್ಟಲೆ ಬಂಡೆ ತಂದು ಸುರುವಿ ಹೋದ ಹಾಗೆ, ಬಂಡೆಯ ಮೇಲೆ ಬಂಡೆ, ನಡುವೆ ಮನುಷ್ಯ ಹಿಡಿಯುವಷ್ಟು ಸಂದು. ಸಂದಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಸೀತಾಫಲದ ಗಿಡ. ದಿನವಿಡೀ ಕಾದ ಕಲ್ಲು ಈಗಲೂ ಅಂಗಾಲಿನ ಮೂಲಕ ಬಿಸಿ ಬಿಡುತ್ತಿತ್ತು. ಏರಿದಷ್ಟೂ ಕೆಳಗೆ ನೆಲ ಅಗಲವಾಗುತ್ತ ಹೋಯಿತು. ಸಿರುಗುಪ್ಪದ ಕಡೆಗೆ ಕಣ್ಣು ಹರಿಯುವ ತನಕ ಹಸಿರು ಭತ್ತ, ನಡುವೆ ಬೆಳ್ಳಗೆ ಮಿನುಗುವ ಕಾಲುವೆ. ಬೇರೆ ದಿನವಾಗಿದ್ದರೆ ನೀಲಾವತಿ ನಿಂತು ನೋಡುತ್ತಿದ್ದಳು. ಇವತ್ತು ಅವಳ ಕಣ್ಣು ಮುಂದಿನ ಕಲ್ಲಿನ ಮೇಲೇ ಇತ್ತು.

ಏಳನೆಯ ಬಾವುಟದ ಹತ್ತಿರ ಅಂಜನಾಳನ್ನು ಕಂಡವರಿದ್ದರು. ಎಂಟನೆಯದರ ಹತ್ತಿರ ಯಾರೂ ಕಂಡಿರಲಿಲ್ಲ. ಮೂವರೂ ಏಳನೆಯದನ್ನು ಮುಟ್ಟಿ, ಅಲ್ಲಿಂದ ನೇರ ಉತ್ತರಕ್ಕೆ ಎಂಟನೆಯದರ ತನಕ ಹುಡುಕಿದರು. ಬಗ್ಗಿ ನೋಡಿದರು, ಕೂಗಿದರು. ಕೂಗು ಬಂಡೆಗೆ ಬಡಿದು ತಿರುಗಿ ಬಂತು. ಅಂಜನಾ ಓಗೊಡಲಿಲ್ಲ.

ಮತ್ತೆ ಏಳನೆಯ ಬಾವುಟಕ್ಕೇ ಬಂದರು. ಎರ್ರೆಪ್ಪ ಕುಸಿದು ಕೂತ.

"ನನ್ನ ಮಣಕಾಲು ನನ್ನ ಮಾತು ಕೇಳವಲ್ದು ಸಾರ್."

"ಎದ್ದೇಳು ಎರ್ರೆಪ್ಪಣ್ಣ. ಹೊತ್ತು ಇಳಿಯಾಕ ಹತ್ತೈತಿ," ಎಂದ ಮೇಷ್ಟ್ರು ದಿಕ್ಸೂಚಿಯನ್ನು ನೀಲಾವತಿಯ ಕೈಗಿತ್ತರು. "ಹಿಡ್ಕ. ನಾನು ಈ ಗುಂಡು ಹತ್ತಿ ನೋಡ್ತೀನಿ. ಉತ್ತರ ಯಾವ ಕಡಿಗೆ ಅಂತ ಕೈ ತೋರಿಸು."

ನೀಲಾವತಿ ದಿಕ್ಸೂಚಿಯನ್ನು ಹೊಟ್ಟೆಯ ಹತ್ತಿರ ಹಿಡಿದು ಕೈ ತೋರಿಸಿದಳು.

"ಅದು ಉತ್ತರ ಅಲ್ಲ, ಏನ್ ನಿದ್ದಿ ಮಾಡಾಕತ್ತೀಯೇನು?"

"ಮುಳ್ಳು ಇತ್ತಾಗೇ ತೋರಿಸ್ತೈತ್ರಿ."

ಮೇಷ್ಟ್ರು ಇಳಿದು ಬಂದು ಕಸಿದುಕೊಂಡು ನೋಡಿದರು. ಮುಳ್ಳು ಸರಿಯಾಗಿಯೇ ಇತ್ತು. ತಿರುಗಿ ಕೊಟ್ಟರು. ನೀಲಾವತಿಯ ಕೈಯಲ್ಲಿ ಅದು ಮೆಲ್ಲಗೆ ಬಲಕ್ಕೆ ವಾಲಿತು. ದೂರ ಚಾಚಿದರೆ ಸರಿ, ಹತ್ತಿರ ತಂದರೆ ತಪ್ಪು.

"ಏನ್ ದೆವ್ವ ಹೊಕ್ಕೈತಿ ಇದಕ?" ಎಂದ ಎರ್ರೆಪ್ಪ.

ನೀಲಾವತಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಜೀನ್ಸಿನ ಬಲ ಜೇಬಿನ ಮೇಲಿನ ಪುಟ್ಟ ಜೇಬಿನಲ್ಲಿ ಅಯಸ್ಕಾಂತದ ಬಿಲ್ಲೆ ಇತ್ತು. ನೆಲಕ್ಕೆ ಬಿದ್ದ ಪಿನ್ನು, ಮುರಿದ ಸೂಜಿಯ ಚೂರು ಹೆಕ್ಕಲು ಘಟಕದಲ್ಲಿ ಎಲ್ಲರಿಗೂ ಕೊಟ್ಟಿರುತ್ತಾರೆ. ಒಂದು ಚೂರು ಬಟ್ಟೆಯಲ್ಲಿ ಉಳಿದರೂ ಮಾಲು ವಾಪಸ್ಸು ಬರುತ್ತದೆ. ದಿನವೂ ಇಟ್ಟುಕೊಂಡು ಅದು ಮೈಯ ಭಾಗವೇ ಆಗಿಬಿಟ್ಟಿತ್ತು. ಒತ್ತದಿರಲೆಂದು ಬಟ್ಟೆ ಅಂಟಿಸಿದ ಮಗ್ಗುಲನ್ನು ಒಳಗೆ ಮಾಡಿ ಇಡುವುದು ಅಲ್ಲಿನ ಎಲ್ಲರ ರೂಢಿ. ಅಂಜನಾಳದ್ದೂ ಅದೇ ಜೀನ್ಸು, ಅದೇ ಜೇಬು. ಬೆಳಿಗ್ಗೆ ಟೆಂಪೋದಲ್ಲಿ ಅವಳು ತೂಕಡಿಸುವಾಗ ಆ ಜೇಬು ಉಬ್ಬಿದ್ದನ್ನು ನೀಲಾವತಿ ಕಂಡಿದ್ದಳು.

ಅವಳು ಬಿಲ್ಲೆಯನ್ನು ತೆಗೆದು ತೋರಿಸಿದಳು. ಮೇಷ್ಟ್ರು ಹಣೆ ಹಿಡಿದುಕೊಂಡರು.

"ಏಳ್ ಬಾವುಟ ಹೆಂಗ ಮುಟ್ಟಿದ್ಳು ಹಂಗಾದ್ರ?"

"ಇಲ್ಲೀತನ ಕಾಲುದಾರಿ ಐತಲ್ರಿ, ಮುಂದಿನವ್ರು ಕಾಣ್ತಿದ್ರು. ಇಲ್ಲಿಂದ ಮುಂದ ದಾರಿ ಇಲ್ಲ, ಮುಳ್ಳನ್ನೇ ನಂಬಿರ್ತಾಳ."

"ಹಂಗಾದ್ರ ಅದನ್ನ ಒಗಿ ಅತ್ತಾಗ."

"ಬ್ಯಾಡ್ರಿ ಸಾರ್." ಮಗ್ಗುಲು ಬದಲಾದರೆ ಮುಳ್ಳು ಬೇರೆ ಕಡೆಗೆ ವಾಲುತ್ತದೆಂದು ನೀಲಾವತಿ ಬಿಲ್ಲೆಯನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿಸಿ ಜೇಬಿಗೆ ಹಾಕಿದಳು. "ಅಕಿ ಹೆಂಗ ತಪ್ಪಿದ್ಳೋ ಹಂಗ ನಾನೂ ತಪ್ತೀನಿ. ನೀವು ನನ್ನ ಹಿಂದ ಬರ್ರಿ."

ಸುಸ್ತಿನ ನಡುವೆಯೂ ಮೇಷ್ಟ್ರು ಅವಳ ಮುಖ ನೋಡಿದರು. ಒಂದೇ ಸಲಕ್ಕೆ ಅವಳು ಅಷ್ಟು ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

ದಿಕ್ಸೂಚಿಯನ್ನು ಹೊಟ್ಟೆಯ ಹತ್ತಿರ ಹಿಡಿದು, ಮುಳ್ಳು ಹೇಳಿದ ಕಡೆಗೆ ನಡೆದಳು. ಮುಳ್ಳು ಅವಳನ್ನು ಪೂರ್ವದ ಕೊರಕಲಿಗೆ ಇಳಿಸಿತು. ಜಾಲಿ ಮುಳ್ಳು ತೋಳು ಗೀರಿತು. ಕಣ್ಣು ಮುಚ್ಚಿಕೊಂಡು ಬರುತ್ತಿತ್ತು, ತುಟಿ ಕಚ್ಚಿ ತೆರೆದಳು. ತಳದ ಉಸುಕಿನಲ್ಲಿ ಶೂ ಗುರುತು ಕಂಡಿತು. ಅದರ ಪಕ್ಕದಲ್ಲೇ ಸೀತಾಫಲದ ಬೀಜ ತುಂಬಿದ ಲದ್ದಿ.

"ಕರಡೀದು," ಎಂದ ಎರ್ರೆಪ್ಪ ಪಿಸುದನಿಯಲ್ಲಿ. "ಇನ್ನೂ ಹಸಿ ಐತಿ."

"ಅಂಜನಾ!" ನೀಲಾವತಿ ಕೂಗಿದಳು.

ನೆಲದೊಳಗಿಂದ ಬಂದಂತೆ ಒಂದು ಒಡೆದ ದನಿ ಕೇಳಿತು: "ನೀಲಕ್ಕಾ..."

ಎರಡು ಬಂಡೆಗಳ ಸಂದಿನಲ್ಲಿ, ಆಳುದ್ದ ಕೆಳಗೆ ಅಂಜನಾ ಸಿಕ್ಕಿಕೊಂಡಿದ್ದಳು. ಜಾರಿ ಬಿದ್ದು ಕಾಲು ಕಲ್ಲಿನ ಬಿರುಕಿನೊಳಗೆ ಹೊಕ್ಕಿತ್ತು. ಕೂಗಿ ಕೂಗಿ ಗಂಟಲು ಆರಿತ್ತು.

"ನಾ ಹಿಡಿಯಂಗಿಲ್ಲ ಈ ಸಂದ್ಯಾಗ," ಎಂದರು ಮೇಷ್ಟ್ರು.

"ನಾನು ಇಳೀತೀನಿ."

ಎರ್ರೆಪ್ಪನ ಟವೆಲ್ಲು, ನೀಲಾವತಿಯ ದುಪಟ್ಟ ಸೇರಿಸಿ ಗಂಟು ಹಾಕಿದರು. ನೀಲಾವತಿ ಬೆನ್ನನ್ನು ಒಂದು ಬಂಡೆಗೆ, ಪಾದಗಳನ್ನು ಇನ್ನೊಂದಕ್ಕೆ ಒತ್ತಿ ಇಂಚಿಂಚೇ ಇಳಿದಳು. ಶೂ ಲಾಡಿ ಬಿಚ್ಚಿದಳು. ಕಾಲು ಹಿಡಿದು ತಿರುಗಿಸಿದಳು. ಅಂಜನಾ ಚೀರಿದಳು. ಕಾಲು ಬಂತು, ಶೂ ಅಲ್ಲೇ ಉಳಿಯಿತು.

ಮೇಲೆ ಕಲ್ಲು ಉರುಳಿದ ಸದ್ದು.

ಆಮೇಲೆ ದೀರ್ಘವಾದ ಒಂದು ಉಸಿರು. ಮನುಷ್ಯರದಲ್ಲ.

"ಅಳ್ಳಾಡಬ್ಯಾಡ್ರಿ," ಮೇಷ್ಟ್ರು ಮೇಲಿನಿಂದ ಪಿಸುಗುಟ್ಟಿದರು.

ನೀಲಾವತಿ ಅಂಜನಾಳ ಬಾಯಿಯ ಮೇಲೆ ಕೈ ಇಟ್ಟಳು. ಬಂಡೆಗೆ ಒತ್ತಿದ್ದ ಅವಳ ಕಾಲು ಸೋಲುತ್ತಿತ್ತು. ಬಿಟ್ಟರೆ ಇಬ್ಬರೂ ಬೀಳುತ್ತಾರೆ. ಬಿಡಲಿಲ್ಲ.

ಉಸಿರು ಹತ್ತಿರವಾಯಿತು.

ಒಮ್ಮೆಲೇ ಎರ್ರೆಪ್ಪ ಬಡಿಗೆಯಿಂದ ಬಂಡೆಗೆ ಬಡಿಯತೊಡಗಿದ. "ಪೋ! ಪೋವೇ! ಅವತಲಿಕಿ ಪೋ!" ಎಂದು ಗುಡ್ಡವೇ ಬಿರಿಯುವ ಹಾಗೆ ಒದರಿದ. ಗಿಡ ಮುರಿದ ಸದ್ದು, ಕಲ್ಲು ಜಾರಿದ ಸದ್ದು. ಆಮೇಲೆ ಏನೂ ಇಲ್ಲ.

"ಹೋತು," ಎಂದರು ಮೇಷ್ಟ್ರು ಬಹಳ ಹೊತ್ತಿನ ಮೇಲೆ. "ಎರ್ರೆಪ್ಪಣ್ಣ, ಕರಡಿಗೆ ತೆಲುಗು ಬರ್ತೈತೇನು?"

"ಅದಕ್ಕ ಬರ್ತೈತೋ ಇಲ್ಲೋ. ಅಂಜಿಕಿ ಆದಾಗ ನನಗ ಬರೋದು ಅದೊಂದೇ."

ಸಂದಿನೊಳಗೆ ಅಂಜನಾ ಅಳುತ್ತಲೇ ನಕ್ಕಳು.

ಮೇಲಿದ್ದ ಇಬ್ಬರು ಎಳೆದರು, ಕೆಳಗಿನಿಂದ ನೀಲಾವತಿ ಭುಜ ಕೊಟ್ಟಳು. ದುಪಟ್ಟ ಹರಿಯುತ್ತ ಹರಿಯುತ್ತ ತಡೆಯಿತು. ಮೊದಲು ಅಂಜನಾ, ಆಮೇಲೆ ನೀಲಾವತಿ ಬೆಳಕಿಗೆ ಬಂದರು. ಇಬ್ಬರ ಬಿಲ್ಲೆಗಳನ್ನೂ ಮೇಷ್ಟ್ರು ಇಸಿದುಕೊಂಡು ತಮ್ಮ ಚೀಲದ ತಳಕ್ಕೆ ತುರುಕಿ, ದಿಕ್ಸೂಚಿಯನ್ನು ಚಾಚಿ ಹಿಡಿದು ಮುಂದೆ ನಡೆದರು. ಎರ್ರೆಪ್ಪ, ನೀಲಾವತಿ ಸರದಿಯ ಮೇಲೆ ಅಂಜನಾಳನ್ನು ಬೆನ್ನಿಗೆ ಹಾಕಿಕೊಂಡರು. ಒಂದು ಬಂಡೆ ಇಳಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ತೊಡೆ ಕಲ್ಲಾಗಿತ್ತು. ಬೆನ್ನ ಮೇಲಿನ ಹುಡುಗಿ ನಡುವೆ ನಿದ್ದೆ ಹೋದಳು. ಅವಳ ಉಸಿರು ಕುತ್ತಿಗೆಗೆ ತಾಗುವಾಗ ನೀಲಾವತಿಗೆ ಭಾರ ಕಡಿಮೆಯಾದಂತೆ ಅನಿಸುತ್ತಿತ್ತು.

ಬುಡ ಮುಟ್ಟಿದಾಗ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಶಾಮಿಯಾನ ಬಿಚ್ಚಿಯಾಗಿತ್ತು. ಪಾರಮ್ಮ ಓಡಿ ಬಂದು ಮಗಳ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಬೆನ್ನಿಗೊಂದು ಗುದ್ದು ಕೊಟ್ಟಳು. ಆಮೇಲೆ ಅತ್ತಳು.

ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಲೆ ಹಂಚಿದಳು. ಅಂಜನಾಳ ಚೀಟಿಯಲ್ಲಿ ಏಳೇ ತೂತು. ಮೇಷ್ಟ್ರು ಅವಳ ಹೆಸರಿನ ಮುಂದೆ "ಪೂರ್ಣಗೊಳಿಸಿಲ್ಲ" ಎಂದು ಬರೆಯಲು ಹೋಗಿ, ಪೆನ್ನು ತಡೆದರು.

"ಮೇಷ್ಟ್ರೆ," ಎಂದಳು ಪಾರಮ್ಮ, "ಎಲ್ಲಾರೂ ಅಂಜಿ ಬೇಗ ಬೇಗ ಇಳಿದು ಬಂದ್ರು. ನಮ್ಮಾಕಿ ಒಬ್ಬಾಕಿ ಇಷ್ಟೊತ್ತು ಗುಡ್ಡದಾಗ ಇದ್ಳು. ಹಂಗಾದ್ರ ನಮ್ಮಾಕಿ ಗೆದ್ದಂಗ ಅಲ್ಲೇನ್ರಿ?"

ನಗುವಷ್ಟು ಕಸುವು ಯಾರಲ್ಲೂ ಇರಲಿಲ್ಲ, ಆದರೂ ನಕ್ಕರು. ಎರ್ರೆಪ್ಪನಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು.

"ಹೌದವ್ವ," ಎಂದರು ಮೇಷ್ಟ್ರು. "ಅಷ್ಟೊತ್ತು ಯಾರೂ ಇದ್ದಿಲ್ಲ."

ಪಾರಮ್ಮ ನೀಲಾವತಿಯ ಪಕ್ಕಕ್ಕೆ ಬಂದು ಕೂತಳು. ಅವಳ ಗೀರಿದ ತೋಳನ್ನು ಹಿಡಿದು ಸೆರಗಿನಿಂದ ಒರೆಸಿದಳು.

"ಇನ್ನ ಮ್ಯಾಲೆ ಅಕಿನ್ನ ಒಬ್ಬಾಕಿನ್ನ ಕಳ್ಸಂಗಿಲ್ಲ," ಎಂದಳು.

ನೀಲಾವತಿ ತಲೆ ತಗ್ಗಿಸಿದಳು.

"ಮುಂದಿನ ಸಲ ನೀರು ಕೊಡಾಕ ನಾನ್ ನಿಂದ್ರತೀನಿ. ನೀನು ಅಕಿ ಜೊತಿಗೆ ಓಡು."

ನೀಲಾವತಿಗೆ ಕೂತಲ್ಲಿಂದ ಏಳುವ ಶಕ್ತಿ ಇರಲಿಲ್ಲ. ಬೆಳಿಗ್ಗೆ ಮತ್ತೆ ಮಷಿನ್ನಿಗೆ ಕೂರಬೇಕಿತ್ತು. ಅವಳು ಬಾಯಲ್ಲಿದ್ದ ರೊಟ್ಟಿ ನುಂಗಿದಳು.

"ಶೂ ಇಲ್ಲ ನನ್ನತ್ರ," ಎಂದಳು.

"ತಗೊಂಡ್ರಾತು ತಗಾ," ಎಂದಳು ಪಾರಮ್ಮ, ಅವಳ ಕೈಗೆ ಇನ್ನೊಂದು ರೊಟ್ಟಿ ಹಾಕುತ್ತ.