ಟಿಪ್ಸ್ ಬೇಡ ಅಂದಿದ್ದವನು

ಒಂದು ತೊಟ್ಟು ಹೆಂಡ ಮುಟ್ಟದ ಮನೆಯವರಿಗೆ ಐದು ದಿನದ ಡ್ರಿಂಕ್ಸ್ ಪ್ಯಾಕೇಜ್ ಮಾರಿದ ಆ ಟ್ರಾವೆಲ್ ಏಜೆಂಟನಿಗೆ ದೊಡ್ಡದೊಂದು ನಮಸ್ಕಾರ ಹಾಕಬೇಕು. "ಜ್ಯೂಸು, ಕಾಫಿ, ಮಾಕ್‌ಟೇಲು ಎಲ್ಲಾ ಇದರಲ್ಲೇ ಬರುತ್ತೆ ಸಾರ್, ಮೊದಲೇ ಕಟ್ಟಿಬಿಟ್ಟರೆ ಹಡಗಲ್ಲಿ ಜೇಬಿಗೆ ಕೈ ಹಾಕೋ ಹಂಗಿಲ್ಲ" ಅಂದಿದ್ದ. ಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ಗುರುಬಸಪ್ಪನವರಿಗೆ ಆ ಕೊನೆಯ ಮಾತು ತುಂಬ ಹಿಡಿಸಿತು. ಮದುವೆಯಾಗಿ ಮೂವತ್ತು ವರ್ಷ ತುಂಬಿದ ಸಂತೋಷಕ್ಕೆ ಹೆಂಡತಿ ಶಾಂತಾದೇವಿಯನ್ನೂ ಮಗಳು ಸಿರಿಯನ್ನೂ ಕರೆದುಕೊಂಡು ಡಿಸೆಂಬರಿನಲ್ಲಿ ಮುಂಬಯಿಗೆ ಹೋಗಿ ಲಕ್ಷದ್ವೀಪದ ಹಡಗು ಹತ್ತಿದರು.

ಮೊದಲನೇ ಸಂಜೆ ಡೆಕ್ಕಿನ ಬಾರಿನಲ್ಲಿ ಸಿರಿ ಇಂಗ್ಲಿಷಿನಲ್ಲಿ ಮೂರು ಲೈಮ್ ಸೋಡಾ ಕೇಳಿದಳು. ಪಕ್ಕದಲ್ಲಿ ನಿಂತಿದ್ದ ಗುರುಬಸಪ್ಪನವರು ಮಗಳ ಕಿವಿಯಲ್ಲಿ ಗೊಣಗಿದರು. ಅವರ ಗೊಣಗಾಟ ನಾಲ್ಕು ಅಂಗಡಿಯಾಚೆ ಕೇಳಿಸುವಂಥದ್ದು.

"ನೋಡ್ಕೊಂಡು ತಗೋಮ್ಮ. ಇವನು ಏನಾದ್ರೂ ಬೆರೆಸಿಬಿಟ್ಟಾನು. ಮುಖ ನೋಡಿದ್ರೆ ನಂಬಿಕೆ ಬರಲ್ಲ."

ಕೌಂಟರಿನ ಹಿಂದಿದ್ದ ಹುಡುಗ ನಿಂಬೆಹಣ್ಣು ಹಿಂಡುತ್ತಾ ತಲೆ ಎತ್ತದೆ ಹೇಳಿದ: "ಮುಖ ಹುಟ್ಟಿದಾಗಿಂದ ಹಂಗೇ ಸಾರ್. ಗ್ಲಾಸಲ್ಲಿರೋದು ಮಾತ್ರ ಬರೀ ನಿಂಬೆಹಣ್ಣು."

ಗುರುಬಸಪ್ಪನವರು ಗ್ಲಾಸು ತೆಗೆದುಕೊಂಡು ಸಮುದ್ರ ನೋಡುವ ನೆಪದಲ್ಲಿ ಆ ಕಡೆ ನಡೆದರು. ಸಿರಿಗೆ ನಗು ತಡೆಯಲಾಗಲಿಲ್ಲ. ಹುಡುಗ ಈಗ ತಲೆ ಎತ್ತಿದ. ಕಪ್ಪು ವೇಸ್ಟ್‌ಕೋಟಿನ ಮೇಲೆ ನರೇಂದ್ರ ಅಂತ ಬಿಲ್ಲೆ. ನಗು ತುಟಿಗೆ ಬರುವ ಮೊದಲೇ ಕಣ್ಣಿಗೆ ಬಂದಿತ್ತು.

"ಸಾರಿ," ಅಂದಳು. "ನಮ್ಮಪ್ಪ ಹಂಗೇ. ನೀವು ಯಾವೂರು?"

"ಹುಳಿಮಾವು ಮೇಡಂ. ಕೆರೆ ಹತ್ರ."

ಸಮುದ್ರದ ಮಧ್ಯದಲ್ಲಿ ಹುಳಿಮಾವು ಅಂತ ಕೇಳಿ ಸಿರಿಗೆ ಸ್ವಂತ ಬಂಧುವೇ ಸಿಕ್ಕ ಹಾಗಾಯಿತು. ಅವಳು ಕೆಲಸ ಮಾಡುವ ಮಾಡ್ಯುಲರ್ ಕಿಚನ್ ಶೋರೂಮು ಜೆ.ಪಿ. ನಗರದಲ್ಲಿ. ಅಲ್ಲಿಂದ ಹುಳಿಮಾವು ಎಷ್ಟು ದೂರ?

ಮಾರನೆಯ ದಿನ ಅವಳು ಗಮನಿಸಿದಳು. ಪ್ಯಾಕೇಜ್ ಇದ್ದವರೂ ಗ್ಲಾಸಿನ ಕೆಳಗೆ ಒಂದು ನೋಟು ಸಿಕ್ಕಿಸಿ ಹೋಗುತ್ತಿದ್ದರು. ಅಪ್ಪನಿಗೆ ಹೇಳಿದಳು.

"ಯಾಕೆ ಕೊಡಬೇಕು?" ಗುರುಬಸಪ್ಪನವರು ಕೇಳಿದರು. "ಪ್ಯಾಕೇಜ್ ದುಡ್ಡು ಕಟ್ಟಿದ್ದೀವಿ, ಸರ್ವೀಸ್ ಚಾರ್ಜೂ ಅದರಲ್ಲೇ ಹಿಡ್ಕೊಂಡಿದಾರೆ. ನನ್ನ ಅಂಗಡೀಲಿ ಡಬ್ಬ ಕೊಂಡೋರು ನಂಗೆ ಟಿಪ್ಸ್ ಕೊಡ್ತಾರಾ?"

ಸಿರಿ ಅಪ್ಪನಿಗೆ ಕಾಣದ ಹಾಗೆ ತನ್ನ ಪರ್ಸಿನಿಂದ ಐನೂರರ ನೋಟು ತೆಗೆದು ಕೌಂಟರಿನ ಮೇಲೆ ಸರಿಸಿದಳು. ನರೇಂದ್ರ ಒಂದೇ ಬೆರಳಿನಲ್ಲಿ ಅದನ್ನು ವಾಪಸ್ಸು ಸರಿಸಿದ.

"ನಮ್ಮ ಕಡೆಯೋರ ಹತ್ರ ಟಿಪ್ಸ್ ತಗೊಂಡೆ ಅಂತ ಗೊತ್ತಾದ್ರೆ ನಮ್ಮಮ್ಮ ಊಟ ಹಾಕಲ್ಲ ಮೇಡಂ."

"ಎಲ್ಲರ ಹತ್ರಾನೂ ತಗೋತೀರಲ್ಲ?"

"ಅವರು ಗೆಸ್ಟು."

"ನಾನು?"

ಅವನು ಪುದೀನ ಎಲೆಗಳನ್ನು ಬಹಳ ಶ್ರದ್ಧೆಯಿಂದ ಜಜ್ಜಿದ. ಆಮೇಲೆ ಹೇಳಿದ: "ಏಳು ತಿಂಗಳಾಯ್ತು ಊರು ಬಿಟ್ಟು. ಒಂದು ಗ್ಲಾಸಿಗೆ ಒಂದು ಸುದ್ದಿ ಹೇಳಿ, ಸಾಕು."

ಸಿರಿ ಯೋಚಿಸಿದಳು. "ಫೋರ್ತ್ ಬ್ಲಾಕ್ ಮಾರ್ಕೆಟ್ಟಿಗೆ ಅವರೆಕಾಯಿ ಬಂದಿದೆ."

"ಸೊಗಡು ಇದೆಯಾ?"

"ಸಖತ್ತಾಗಿದೆ. ನಾವು ಹೊರಡೋ ಹಿಂದಿನ ದಿನ ಅಮ್ಮ ಹಿತಕವರೆ ಸಾರು ಮಾಡಿದ್ರು."

ನರೇಂದ್ರ ಕಣ್ಣು ಮುಚ್ಚಿ ಒಂದು ಕ್ಷಣ ಮೂಗಿನಿಂದ ಉಸಿರೆಳೆದ. ಸಿರಿ ಅವನನ್ನು ಪ್ರೀತಿಸಲು ಶುರುಮಾಡಿದ್ದು ಆಗಲೇ ಇರಬೇಕು. ಅವರೆಕಾಯಿ ಸೊಗಡಿಗೆ ಕಣ್ಣು ಮುಚ್ಚುವವನನ್ನು ಪ್ರೀತಿಸದೆ ಇನ್ಯಾರನ್ನು ಪ್ರೀತಿಸುವುದು?

ಗೆಸ್ಟುಗಳ ಜೊತೆ ಸಲಿಗೆ ಬೆಳೆಸಿದರೆ ಬಾರಿನವರಿಗೆ ಕೆಲಸ ಹೋಗುತ್ತದೆ. ಹಾಗಾಗಿ ಮಾತಿಗೆ ಸಿಗುತ್ತಿದ್ದದ್ದು ಒಂದು ಗ್ಲಾಸು ತಯಾರಾಗುವಷ್ಟು ಹೊತ್ತು ಮಾತ್ರ. ಅವಳ ಸರದಿ ಬಂದಾಗ ನಿಂಬೆಹಣ್ಣು ಯಾಕೋ ನಿಧಾನವಾಗಿ ಹಿಂಡಿಸಿಕೊಳ್ಳುತ್ತಿತ್ತು. ಕೋಣನಕುಂಟೆ ಕ್ರಾಸಿನ ಹೊಸ ಇಡ್ಲಿ ಹೋಟೆಲು, ಅರೆಕೆರೆ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತದ್ದು, ತುಂಬಿರುವ ಹುಳಿಮಾವು ಕೆರೆ. ಸುದ್ದಿ ಮುಗಿದಾಗ ಸಿರಿ ಸುಳ್ಳು ಸುದ್ದಿ ಕಟ್ಟಿದಳು. ಅವನು ಗೊತ್ತಾಗದವನ ಹಾಗೆ ಕೇಳಿದ. ದಿನಕ್ಕೆ ಆರು ಲೈಮ್ ಸೋಡಾ ಕುಡಿದ ಮಗಳನ್ನು ನೋಡಿ ಗುರುಬಸಪ್ಪನವರಿಗೆ ಪ್ಯಾಕೇಜಿನ ದುಡ್ಡು ವಸೂಲಾಯಿತೆಂದು ಸಂತೋಷ.

ಕೊನೆಯ ಗ್ಲಾಸಿಗೆ ಅವಳು ತನ್ನ ಫೋನ್ ನಂಬರ್ ಹೇಳಿದಳು. ಅವನ ಹಿಂದೆ ಸೂಪರ್‌ವೈಸರ್ ನಿಂತಿದ್ದ. ನರೇಂದ್ರ ಬರೆದುಕೊಳ್ಳಲಿಲ್ಲ, ತಿರುಗಿ ಕೇಳಲೂ ಇಲ್ಲ. ಸಿರಿ ಪೆಚ್ಚುಮೋರೆ ಹಾಕಿಕೊಂಡು ಹಡಗಿಳಿದಳು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು. "ಮೇಡಂ, ಕಾಂಟ್ರಾಕ್ಟ್ ಮುಗೀತು, ಊರಿಗೆ ಬಂದೆ. ಅವರೆಕಾಯಿ ಸೀಸನ್ ಮುಗಿದೇ ಹೋಯ್ತಂತೆ?"

ಎರಡು ತಿಂಗಳು ಅವರಿಬ್ಬರೂ ಸುತ್ತದ ಪಾರ್ಕಿಲ್ಲ. ಮೇಡಂ ಹೋಗಿ ಸಿರಿ ಆಯಿತು, ನೀವು ಹೋಗಿ ನೀನು ಆಯಿತು. ಹುಳಿಮಾವಿನ ಮನೆಯ ಮೇಲೆ ಅವನು ಒಂದಂತಸ್ತು ಕಟ್ಟಿಸುತ್ತಿದ್ದ. ಸಿರಿ ಅದರ ಅಡುಗೆಮನೆಯ ನಕ್ಷೆ ಬರೆದಳು.

"ನಿಮ್ಮಮ್ಮ ಎಷ್ಟು ಎತ್ತರ?"

"ನನ್ನ ಭುಜಕ್ಕೆ ಬರ್ತಾರೆ. ಯಾಕೆ?"

"ಹಂಗಾದ್ರೆ ಕಟ್ಟೆ ಎರಡು ಇಂಚು ಇಳಿಸಬೇಕು. ಇಲ್ಲಾಂದ್ರೆ ಭುಜ ನೋವು ಬರುತ್ತೆ."

"ನೀನು ಎತ್ತರ ಇದ್ದೀಯಲ್ಲ. ನಿಂಗೆ ಬಗ್ಗಿ ಬಗ್ಗಿ ಬೆನ್ನು ನೋವು ಬರಲ್ವಾ?"

ಅವಳ ಮುಖ ಕೆಂಪಾಯಿತು. ಅವನು ಫೋನಿನಲ್ಲಿ ಆ ನಕ್ಷೆಯ ಫೋಟೋ ತೆಗೆದುಕೊಂಡು, ಅಮ್ಮನಿಗೆ ತೋರಿಸುತ್ತೇನೆ ಅಂದ. ತೋರಿಸಿಯೂ ಬಿಟ್ಟ. ತಂದೆ ಸಂಜೀವಯ್ಯ ತೀರಿಕೊಂಡ ಮೇಲೆ ಹೊಲಿಗೆ ಮಾಡಿ ಅವನನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಿದ ನಾಗಲಕ್ಷ್ಮಮ್ಮ, ನಕ್ಷೆಯನ್ನು ಬಹಳ ಹೊತ್ತು ನೋಡಿ, "ನನ್ನ ಎತ್ತರ ಕೇಳಿದಳಾ?" ಅಂದರಂತೆ.

ಏಪ್ರಿಲಿನಲ್ಲಿ ಹೊಸ ಕಾಂಟ್ರಾಕ್ಟ್ ಬಂತು, ಬುಧವಾರ ಹೊರಡಬೇಕು. "ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ," ಅಂದ ನರೇಂದ್ರ. "ಅಷ್ಟರಲ್ಲಿ ನೀನು ಹೇಳಿರ್ತೀಯಾ?"

"ಹೇಳ್ತೀನಿ."

ಹೇಳುವುದು ಸುಲಭವಿರಲಿಲ್ಲ. ಇವರದು ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಅಪ್ಪನ ಮನೆ. ಅವನದು ಊರಾಚೆಯ ಕೇರಿ ಅಂತ ಹಿಂದೆ ಕರೆಸಿಕೊಂಡಿದ್ದ ಬೀದಿ, ಗೋಡೆಯ ಮೇಲೆ ಬುದ್ಧನ ಪಟ. ಮೇಲೆ ಬಾರಿನ ಕೆಲಸ. ಗುರುವಾರ ಅಪ್ಪನಿಗೆ ತಲೆನೋವಿತ್ತು. ಶುಕ್ರವಾರ ಅಂಗಡಿಯಲ್ಲಿ ಲೋಡ್ ಬಂತು. ಶನಿವಾರ ಅಪ್ಪನ ಮೂಡು ತುಂಬ ಚೆನ್ನಾಗಿತ್ತು, ಅದನ್ನು ಯಾಕೆ ಕೆಡಿಸುವುದು ಅಂದುಕೊಂಡಳು. ಹೆದರುವವರಿಗೆ ಕಾರಣಗಳ ಬರವೇ? ಕೊನೆಗೆ, "ಹಡಗಿನ ಬಾರಲ್ಲಿ ಇದ್ರಲ್ಲ, ಹುಳಿಮಾವಿನೋರು, ನಾಳೆ ಅವರಮ್ಮನ ಜೊತೆ ಮಾತಾಡಿಸ್ಕೊಂಡು ಹೋಗೋಕೆ ಬರ್ತಾರಂತೆ" ಅಂತ ಮಾತ್ರ ಹೇಳಿದಳು. ಆ ರಾತ್ರಿ ನರೇಂದ್ರನ ಮೆಸೇಜು: "ಹೇಳಿದೆಯಾ?" ಅವಳು "ಬನ್ನಿ" ಅಂತ ಟೈಪ್ ಮಾಡಿ ಕಳಿಸಿದಳು.

ಅವರು ಬರುವ ಸುದ್ದಿ ಕೇಳಿ ಗುರುಬಸಪ್ಪನವರಿಗೆ ಅಪ್ಪಟ ಖುಷಿಯಾಗಿತ್ತು. ಹಿಂದಿನ ತಿಂಗಳು ಯಾವುದೋ ಮದುವೆಯಲ್ಲಿ ಅವರ ತಮ್ಮ ಮಹಾಂತೇಶ್, "ಏನಣ್ಣ, ಟಿಪ್ಸ್ ಕೊಡದೆ ಇಳಿದುಬಂದ್ಯಾ? ಪ್ಯಾಕೇಜಿನ ದುಡ್ಡು ಕಂಪನಿಗೆ ಹೋಗುತ್ತೆ. ಆ ಹುಡುಗರು ಬದುಕೋದೇ ಟಿಪ್ಸ್ ಮೇಲೆ" ಅಂದಿದ್ದ. ದುಡಿದವನ ಕೂಲಿ ಇಟ್ಟುಕೊಂಡೆನಲ್ಲ ಅಂತ ಗುರುಬಸಪ್ಪನವರಿಗೆ ಅಂದಿನಿಂದ ಒಳಗೊಳಗೇ ಚುಚ್ಚುತ್ತಿತ್ತು.

ಭಾನುವಾರ ಹನ್ನೊಂದಕ್ಕೆ ಇಬ್ಬರೂ ಬಂದರು. ನಾಗಲಕ್ಷ್ಮಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಕೈಯಲ್ಲಿ ಬುಟ್ಟಿ, ಅದರಲ್ಲಿ ಐದು ಥರದ ಹಣ್ಣು, ಎರಡು ಮೊಳ ಮಲ್ಲಿಗೆ. ನರೇಂದ್ರ ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ಸಿರಿಯನ್ನು ಒಂದು ಸಲ ನೋಡಿ, ಕಣ್ಣಿನಲ್ಲೇ ನಕ್ಕು, ಸೋಫಾದ ತುದಿಯಲ್ಲಿ ಕೂತ. ಶಾಂತಾದೇವಿ ಉಪ್ಪಿಟ್ಟು ಕೇಸರಿಬಾತು ತಂದಿಟ್ಟರು. ಬಿಸಿಲು, ಮೆಟ್ರೋ, ನೀರಿನ ಟ್ಯಾಂಕರು, ಎಲ್ಲ ಮಾತೂ ಬಂದವು. ನಾಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ಗಂಡುಕಡೆಯವರು ಮಾತು ತೆಗೆಯುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ ಸರಿಮಾಡಿಕೊಂಡರು.

"ಒಂದು ನಿಮಿಷ ತಾಯಿ," ಅಂದು ಗುರುಬಸಪ್ಪನವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಕವರ್ ಇತ್ತು. ಮದುವೆ ಮನೆಗೆ ಮುಯ್ಯಿ ಕೊಡುವ, ಮೂಲೆಗೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರ್.

"ತಪ್ಪಾಗಿಹೋಗಿತ್ತಪ್ಪ. ಐದು ದಿನ ನಮ್ಮನ್ನ ಚೆನ್ನಾಗಿ ನೋಡ್ಕೊಂಡ್ರಿ, ನಾನು ಪ್ಯಾಕೇಜು ಪ್ಯಾಕೇಜು ಅಂತ ಟಿಪ್ಸ್ ಕೊಡದೇ ಬಂದ್ಬಿಟ್ಟೆ. ನೀವಾಗೇ ಮನೆ ಬಾಗಿಲಿಗೆ ಬಂದಿದ್ದೀರ. ಬೇಡ ಅನ್ನಬಾರದು."

ನರೇಂದ್ರ ಕೈ ಚಾಚಲಿಲ್ಲ. ಅಪ್ಪನ ಕೈ ಗಾಳಿಯಲ್ಲಿತ್ತು. ಅವನು ಸಿರಿಯ ಕಡೆ ನೋಡಿದ. ಅದು ಕೇಳುವ ನೋಟ. ಈಗಲಾದರೂ ಹೇಳು ಅನ್ನುವ ನೋಟ.

ಆ ಮನೆಯಲ್ಲಿ ಹಿರಿಯರು ಕೈಯೆತ್ತಿ ಕೊಟ್ಟದ್ದನ್ನು ಯಾರೂ ಬೇಡ ಅಂದವರಿಲ್ಲ. ಬೇಡ ಅಂದರೆ ಕೊಟ್ಟವರನ್ನೇ ಬೇಡ ಅಂದ ಹಾಗೆ. ಒಮ್ಮೆ ಮಹಾಂತೇಶ್ ಹಬ್ಬದ ಪಂಚೆ ಬೇಡ ಅಂದನೆಂದು ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ನರೇಂದ್ರ ಬೇಡ ಅಂದರೆ ಮುಂದಿನ ದಾರಿಯೇ ಮುಚ್ಚಿಹೋಗುತ್ತದೆ ಅಂತ ಸಿರಿಗೆ ಗಾಬರಿಯಾಯಿತು. ಮೊದಲು ಅಪ್ಪನ ಮನಸ್ಸು ಗೆಲ್ಲಲಿ, ಮಿಕ್ಕದ್ದು ಆಮೇಲೆ ಅಂದುಕೊಂಡಳು.

"ತಗೊಳ್ಳಿ," ಅಂದಳು. "ಅಪ್ಪ ಪ್ರೀತಿಯಿಂದ ಕೊಡ್ತಿದಾರೆ, ತಗೊಳ್ಳಿ."

ನಾಗಲಕ್ಷ್ಮಮ್ಮ ಮಗನ ಮುಖ ನೋಡಿದರು, ಸಿರಿಯ ಮುಖ ನೋಡಿದರು. ನರೇಂದ್ರ ಎದ್ದುನಿಂತು ಎರಡೂ ಕೈಯಲ್ಲಿ ಕವರ್ ತೆಗೆದುಕೊಂಡ. "ಥ್ಯಾಂಕ್ಯೂ ಸಾರ್" ಅಂದು ನಕ್ಕ. ಹಡಗಿನಲ್ಲಿ ಬೇರೆಯವರು ನೋಟು ಸಿಕ್ಕಿಸಿದಾಗ ನಗುತ್ತಿದ್ದ ನಗು ಅದು. ಐದು ದಿನದಲ್ಲಿ ಒಂದು ಸಲವೂ ಆ ನಗು ಸಿರಿಯ ಪಾಲಿಗೆ ಬಂದಿರಲಿಲ್ಲ.

ತಾಯಿ ತೆಗೆಯಬೇಕೆಂದಿದ್ದ ಮಾತು ತೆಗೆಯಲಿಲ್ಲ. "ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಅಂದರು. ಹೊರಡುವಾಗ ಶಾಂತಾದೇವಿ ಅವರಿಗೆ ಬ್ಲೌಸ್ ಪೀಸು ಕೊಟ್ಟರು. ಸಿರಿ ಗೇಟಿನ ತನಕ ಹೋಗಿ ಚಿಲಕ ತೆಗೆದುಕೊಟ್ಟು ಬಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದ ಮಾತಿಗೆ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ.

ಸೋಮವಾರ, ಮಂಗಳವಾರ ಅವನು ಫೋನ್ ಎತ್ತಲಿಲ್ಲ. ಬುಧವಾರ ಬೆಳಿಗ್ಗೆ ಸಿರಿ ಬನಶಂಕರಿ ಬಸ್ ಸ್ಟ್ಯಾಂಡಿಗೆ ಓಡಿದಳು. ಏರ್‌ಪೋರ್ಟ್ ಬಸ್ಸಿನ ಹತ್ತಿರ ನರೇಂದ್ರ ದೊಡ್ಡ ಸೂಟ್‌ಕೇಸ್ ಹಿಡಿದು ನಿಂತಿದ್ದ. ಓಡಿಹೋಗಲಿಲ್ಲ, ಬಯ್ಯಲಿಲ್ಲ. ಸೂಟ್‌ಕೇಸ್ ಸ್ವಲ್ಪ ಸರಿಸಿ ಅವಳಿಗೆ ನೆರಳಿನಲ್ಲಿ ಜಾಗ ಮಾಡಿದ.

"ಅಪ್ಪ ಬೇಕೂಂತ ಮಾಡಿದ್ದಲ್ಲ," ಅಂದಳು.

"ಗೊತ್ತು ಸಿರಿ. ಒಳ್ಳೇ ಮನುಷ್ಯ. ಅವರ ಮೇಲೆ ನಂಗೆ ಕೋಪ ಇಲ್ಲ. ಟಿಪ್ಸ್ ತಗೊಳ್ಳೋದು ನನ್ನ ಕೆಲಸ, ಅದರಲ್ಲಿ ಅವಮಾನ ಏನೂ ಇಲ್ಲ."

"ಮತ್ತೆ?"

"ನೀನು ಮನೇಲಿ ಹೇಳಿದ್ದೀಯ ಅಂತ ಅಮ್ಮಂಗೆ ಹೇಳಿ ಕರ್ಕೊಂಡು ಬಂದೆ. ಹಿಂದಿನ ರಾತ್ರಿಯೆಲ್ಲಾ ಕೂತು ಆ ಹಸಿರು ಸೀರೆಗೆ ಬ್ಲೌಸ್ ಹೊಲ್ಕೊಂಡಿದ್ರು." ಅವನ ದನಿ ಸಣ್ಣದಾಯಿತು. "ವಾಪಸ್ ಹೋಗ್ತಾ ಬಸ್ಸಲ್ಲಿ ಕೇಳಿದ್ರು, 'ಆ ಹುಡುಗಿಗೆ ನೀನು ಯಾರಪ್ಪಾ?' ಅಂತ. ಏನಂತ ಹೇಳ್ಲಿ?"

ಸಿರಿ ಅತ್ತಳು. ಸುತ್ತ ಜನ ನೋಡುತ್ತಿದ್ದರು, ಅವಳಿಗೆ ಈಗ ಯಾರ ಹೆದರಿಕೆಯೂ ಇರಲಿಲ್ಲ. "ಇವತ್ತೇ ಹೇಳ್ತೀನಿ. ಈಗಲೇ ಹೋಗಿ ಹೇಳ್ತೀನಿ ನರೇನ್."

"ಹೇಳು. ಆದ್ರೆ ನನಗೋಸ್ಕರ ಹೇಳ್ಬೇಡ." ಅವನು ಅವಳ ಕೆನ್ನೆಯ ಹತ್ತಿರ ಕೈ ತಂದು, ಮುಟ್ಟದೆ ಇಳಿಸಿದ. "ಅಮ್ಮನ್ನ ಇನ್ನೊಂದು ಸಲ ಆ ಸೋಫಾ ಮೇಲೆ ಕೂರಿಸೋಕೆ ನನ್ನ ಕೈಲಿ ಆಗಲ್ಲ. ನಿನ್ನ ಮೇಲಿನ ಪ್ರೀತಿ ಹೋಯ್ತು ಅಂತಲ್ಲ. ಹೋಗಿದ್ರೆ ಸುಲಭ ಇತ್ತು."

ಕಂಡಕ್ಟರ್ ಕೂಗಿದ. ಬಸ್ಸು ಹೊರಟಿತು.

ಸಿರಿ ನೇರವಾಗಿ ಅಂಗಡಿಗೆ ಹೋದಳು. ಗುರುಬಸಪ್ಪನವರು ಕುಕ್ಕರಿನ ಗ್ಯಾಸ್ಕೆಟ್ ತೆಗೆದು ಗಿರಾಕಿಗೆ ತೋರಿಸುತ್ತಿದ್ದರು. ಗಿರಾಕಿ ಹೋಗುವವರೆಗೂ ಅವಳು ಕಾಯಲಿಲ್ಲ.

"ಅಪ್ಪಾ, ನರೇಂದ್ರನ್ನ ಏರ್‌ಪೋರ್ಟ್ ಬಸ್ ಹತ್ತಿಸಿ ಬಂದೆ. ನಾನು ಅವನನ್ನ ಮದುವೆಯಾಗಬೇಕು ಅಂತಿದ್ದೆ. ಭಾನುವಾರ ಅವರಮ್ಮ ಅದನ್ನೇ ಕೇಳೋಕೆ ಬಂದಿದ್ದು."

ಗಿರಾಕಿ ಕುಕ್ಕರ್ ಬಿಟ್ಟು ಮೆಲ್ಲಗೆ ಜಾರಿದ. ಗುರುಬಸಪ್ಪನವರು ಸ್ಟೂಲಿನ ಮೇಲೆ ಕುಸಿದು ಕೂತರು. ಬಯ್ಗುಳಕ್ಕೆ ಸಿರಿ ತಲೆಕೊಟ್ಟು ನಿಂತಳು. ಅವರು ಕೈಯಲ್ಲಿದ್ದ ಗ್ಯಾಸ್ಕೆಟ್ಟನ್ನು ಮುಚ್ಚಳಕ್ಕೆ ಸೇರಿಸಿದರು, ಮತ್ತೆ ಬಿಚ್ಚಿದರು.

"ಹೆಣ್ಣು ಕೇಳೋಕೆ ಬಂದ ತಾಯಿ ಎದುರಿಗೆ, ಅವಳ ಮಗನಿಗೆ ನಾನು ಟಿಪ್ಸ್ ಕೊಟ್ಟೆನಾ?"

ಸಿರಿ ತಲೆ ತಗ್ಗಿಸಿದಳು.

"ನೀನೂ 'ತಗೊಳ್ಳಿ' ಅಂದೆಯಲ್ಲಮ್ಮ." ಅವರು ಗ್ಯಾಸ್ಕೆಟ್ಟನ್ನು ಕೌಂಟರಿನ ಮೇಲಿಟ್ಟರು. "ಜಾತಿ, ಜನ, ಅಣ್ಣತಮ್ಮಂದಿರು... ನಾನು ಒಪ್ತಿದ್ದೆನೋ ಇಲ್ಲವೋ, ನಿಜವಾಗ್ಲೂ ಗೊತ್ತಿಲ್ಲ. ಜಗಳ ಆಡ್ತಿದ್ದೆನೇನೋ. ಆದ್ರೆ ಒಂದು ಮಾತು ಕೇಳಿದ್ದಿದ್ರೆ, ಎದುರೆದುರು ಕೂತು ಉತ್ತರ ಕೊಡ್ತಿದ್ದೆ. ಆ ತಾಯಿಗೆ ಅಷ್ಟು ಮರ್ಯಾದೆನಾದ್ರೂ ಸಿಗ್ತಿತ್ತು."

ಎರಡು ತಿಂಗಳು ಸಿರಿ ಅಪ್ಪನ ಬಾಯಿಂದ ಬರುವ "ಇಲ್ಲ"ಕ್ಕೆ ಹೆದರಿ ಬದುಕಿದ್ದಳು. ಆ "ಇಲ್ಲ"ವನ್ನು ಅವರು ಇವತ್ತಿನವರೆಗೂ ಹೇಳಿರಲಿಲ್ಲ. ಅವರ ಬದಲು ಅವಳೇ ಹೇಳಿ ಮುಗಿಸಿದ್ದಳು.