ಸರದಿ ಬಿಟ್ಟವನು

"ಇಳೀರಿ ಮೇಡಂ."

ನಪಾ ಬಾಡಿಗೆ ಬೈಕಿನ ಹಿಂದಿನ ಸೀಟಿನಲ್ಲಿ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಆರಾಮಾಗಿ ಕೂತಿದ್ದಳು. ಬ್ಯಾಂಕಾಕಿನ ಬೆಳಗಿನ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು.

"ಯಾಕೆ? ನಂಗೆ ಆಫೀಸಿಗೆ ತಡ ಆಗ್ತಿದೆ."

"ಹೆಲ್ಮೆಟ್ ಹಾಕ್ಕೊಳ್ಳಿ, ಹೋಗೋಣ. ಇಲ್ಲಾಂದ್ರೆ ಇಳೀರಿ."

"ಕೂದಲು ಹಾಳಾಗುತ್ತೆ. ಇಲ್ಲೇ ಎರಡು ತಿರುವು ಅಷ್ಟೇ ಅಲ್ವಾ?"

ಸವಾರ ಎಂಜಿನ್ ಆಫ್ ಮಾಡಿದ. "ಆ ಎರಡು ತಿರುವಿಗೇ ಹೇಳ್ತಿರೋದು."

ಗಲ್ಲಿಯ ಬಾಯಲ್ಲಿ ಸಾಲಾಗಿ ಕೂತಿದ್ದ ಕಿತ್ತಳೆ ಜಾಕೆಟ್ಟಿನ ಸವಾರರು ಗೊಳ್ಳೆಂದು ನಕ್ಕರು.

"ಮುಗೀತು, ವಿಥೂನನ ಪ್ರವಚನ ಶುರು! ಬನ್ನಿ ಮೇಡಂ, ನನ್ನ ಬೈಕಿಗೆ ಬನ್ನಿ. ನಾನು ಬುದ್ಧಿ ಹೇಳಲ್ಲ" ಎಂದನೊಬ್ಬ.

ನಪಾ ಇಳಿದಳು. ವಿಥೂನ್ ಬೈಕನ್ನು ತಳ್ಳಿಕೊಂಡು ಸಾಲಿನ ತುದಿಗೆ ಹೋಗಿ ನಿಂತ. ಬಂದ ಗಿರಾಕಿಯನ್ನು ಬೇಡವೆಂದವನು ಸರದಿ ಕಳೆದುಕೊಳ್ಳಬೇಕು, ಎಲ್ಲರ ಹಿಂದೆ ಹೋಗಬೇಕು. ಪ್ರತಿ ಸ್ಟ್ಯಾಂಡಿನಲ್ಲೂ ಅದೇ ಪದ್ಧತಿ.

ನಪಾ ನಗರಪಾಲಿಕೆಯ ಅಧಿಕಾರಿ. ಇಡೀ ನಗರದ ಮೋಟಾರ್‌ಸೈಕಲ್ ಸುರಕ್ಷತೆಗೆ ಹೊಸ ನಿಯಮಾವಳಿ ಬರೆಯುವ ಕೆಲಸ ಅವಳ ತಲೆಯ ಮೇಲೆ ಬಿದ್ದಿತ್ತು. ಅದಕ್ಕೇ ಬೇಕಂತಲೇ ಹೆಲ್ಮೆಟ್ಟಿಲ್ಲದೆ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹೋಗಿ ಬೈಕು ಹತ್ತಿ ಪರೀಕ್ಷಿಸುತ್ತಿದ್ದಳು. ಎಲ್ಲೆಡೆ ಕೂತ ಕೂಡಲೇ ಬೈಕು ಹಾರಿತ್ತು. ಇಳಿಯಿರಿ ಎಂದವನು ಇವನೊಬ್ಬನೇ.

ಮೊದಲ ನೋಟಕ್ಕೇ ಪ್ರೀತಿ ಹುಟ್ಟುತ್ತದೆ ಅನ್ನುತ್ತಾರೆ. ನಪಾಳಲ್ಲಿ ಮೊದಲು ಹುಟ್ಟಿದ್ದು ಗೌರವ. ಅದು ಇನ್ನೂ ಅಪಾಯ, ನೋಡಿ.

ಮಾರನೆಯ ದಿನ ಗುರುತಿನ ಚೀಟಿ ತೋರಿಸಿ ಕೇಳಿದಳು. "ಊರೆಲ್ಲ ಸುತ್ತಿ ನೋಡ್ಬೇಕು. ನನ್ನನ್ನ ಕರ್ಕೊಂಡು ಹೋಗ್ತೀಯಾ?"

"ಹೆಲ್ಮೆಟ್ ಹಾಕ್ಕೊಂಡ್ರೆ" ಎಂದ ಅವನು. ನಗಲಿಲ್ಲ. ಆದರೆ ಕಣ್ಣಲ್ಲಿ ನಗು ಇತ್ತು.

ಬೇಸಿಗೆ ಕಳೆದು ಮಳೆ ಹಿಡಿಯುವವರೆಗೂ ಅವಳು ಅವನ ಬೆನ್ನ ಹಿಂದೆ ಕೂತು ಊರು ಸುತ್ತಿದಳು. ಮಧ್ಯಾಹ್ನ ರಸ್ತೆ ಬದಿಯಲ್ಲಿ ಅಂಟಕ್ಕಿ ಅನ್ನ, ಸುಟ್ಟ ಕೋಳಿ, ಕುಟ್ಟಿದ ಪಪ್ಪಾಯಿಕಾಯಿ.

"ಖಾರ ಕಡಿಮೆ ಹಾಕಮ್ಮಾ, ಸರ್ಕಾರದವರು ಅತ್ತುಬಿಡ್ತಾರೆ" ಎಂದು ಅಂಗಡಿಯವಳಿಗೆ ಹೇಳುವನು.

"ನಿನ್ನಷ್ಟೇ ಹಾಕ್ಲಿ" ಎಂದು ಹಟ ಹಿಡಿದು, ತಿಂದು, ನಿಜವಾಗಿಯೂ ಅಳುವಳು. ಅವನು ನೀರಿನ ಬಾಟಲಿ ಮುಂದೆ ಹಿಡಿಯುವನು.

'ಇವನ ಜೊತೆ ಇದ್ದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತೆ... ಯಾಕೆ?'

ಆ ಕಲ್ಲಿಗೆ ಒಂದು ಹೆಸರಿತ್ತು. ದಾವ್. ಅವಳ ಒಬ್ಬಳೇ ತಂಗಿ. ಒಂದು ಸಂಜೆ ನದಿಯ ದೋಣಿಗಟ್ಟೆಯಲ್ಲಿ ಕೂತು ನಪಾ ಅದನ್ನೂ ಹೇಳಿದಳು.

"ದಾವ್ ಇದ್ದಿದ್ರೆ ನಿನ್ನನ್ನ ನೋಡಿ ತುಂಬಾ ಖುಷಿಪಡ್ತಿದ್ದಳು. ಹೂವಿನ ಮಾರ್ಕೆಟ್ ಹತ್ರ ಕಾರು ಗುದ್ದಿತು. ಬಾಡಿಗೆ ಬೈಕಲ್ಲಿದ್ದಳು. ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಆ ಸವಾರ ಅಂತ್ಯಕ್ರಿಯೆಗೂ ಬರಲಿಲ್ಲ, ವಿಥೂನ್. ಅವನ ಹೆಸರು ನನ್ನ ಕಿವಿಗೆ ಬೀಳಬಾರದು ಅಂತ ಅಮ್ಮನಿಗೆ ಹೇಳಿಬಿಟ್ಟೆ."

ವಿಥೂನನ ಮುಖ ಬಿಳಿಚಿಕೊಂಡಿತು.

"ಗೆಳತಿ ಮದುವೆಗೆ ಹೊರಟಿದ್ದಳಾ?"

"...ನಿನಗೆ ಹೇಗೆ ಗೊತ್ತು?"

"ಓಡಿಸ್ತಿದ್ದವನು ನಾನೇ."

ನಪಾ ತಟ್ಟನೆ ಅವನಿಂದ ದೂರ ಸರಿದಳು.

"ಹೆಲ್ಮೆಟ್ ಕೊಟ್ಟೆ. ಈಗ ತಾನೇ ತಲೆ ಬಾಚಿಸಿಕೊಂಡು ಬಂದಿದೀನಿ, ಬೇಡ ಅಂತ ನಕ್ಕಳು. ಸಂಜೆ ರಶ್ ಇತ್ತು. ಇಳೀರಿ ಅಂದ್ರೆ ನನ್ನ ಸರದಿ ಹೋಗ್ತಿತ್ತು. ಸುಮ್ಮನೆ ಹೆಲ್ಮೆಟ್‌ನ ಹ್ಯಾಂಡಲ್‌ಗೆ ನೇತುಹಾಕಿದೆ."

"ಸರದಿ? ನನ್ನ ತಂಗಿಗಿಂತ ನಿನ್ನ ಸರದಿ ಹೆಚ್ಚಾಯ್ತಾ?"

"ಹೂಂ. ಆವತ್ತು ಹೆಚ್ಚಾಯ್ತು."

ಅವನು ಸುಳ್ಳಾದರೂ ಹೇಳಬಾರದಿತ್ತೇ! ನಪಾ ಎದ್ದು ನಡೆದೇಬಿಟ್ಟಳು. ಅವನು ಹಿಂದೆ ಬರಲಿಲ್ಲ.

ಮರುದಿನ ಅವಳು ನಿಯಮಾವಳಿಗೆ ಹೊಸದೊಂದು ಸಾಲು ಸೇರಿಸಿದಳು. ಹೆಲ್ಮೆಟ್ಟಿಲ್ಲದ ಗಿರಾಕಿ ಯಾರ ಬೈಕಿನಲ್ಲಿ ಸತ್ತಿದ್ದರೂ, ಆ ಸವಾರ ಇನ್ನು ಮುಂದೆ ಜಾಕೆಟ್ ತೊಡುವಂತಿಲ್ಲ. ಹಿಂದೆ ನಡೆದ ಅಪಘಾತಗಳಿಗೂ ಇದು ಅನ್ವಯ. ಬಾಡಿಗೆ ಓಡಿಸುವ ಪರವಾನಗಿಯೇ ಆ ಜಾಕೆಟ್, ಅದು ಹೋದರೆ ಅವನ ಅನ್ನ ಹೋದಂತೆಯೇ. ಗೊತ್ತಿದ್ದೇ ಬರೆದಳು.

ಸಾರ್ವಜನಿಕ ಸಭೆಯ ಹಿಂದಿನ ದಿನ ಅಮ್ಮ ಅವಳ ಊದಿದ ಕಣ್ಣು ನೋಡಿ ಪಕ್ಕದಲ್ಲಿ ಬಂದು ಕೂತಳು. ಎಲ್ಲ ಕೇಳಿಸಿಕೊಂಡು ನಿಟ್ಟುಸಿರಿಟ್ಟಳು.

"ಅವನು ಬಂದಿದ್ದ ಮಗಳೇ."

"ಯಾವಾಗ?"

"ದಾವ್ ಹೋದ ನೂರನೇ ದಿನದ ಪುಣ್ಯಕಾರ್ಯಕ್ಕೆ. ಪಠಣಕ್ಕೆ ಕೂತ ಭಿಕ್ಷುಗಳ ಸಾಲಲ್ಲಿ ಕೊನೆಯವನು, ಕುಂಟ್ತಿದ್ದನಲ್ಲ, ಅವನೇ. ಅಂತ್ಯಕ್ರಿಯೆ ದಿನ ಕಾಲು ಮುರಿದು ಆಸ್ಪತ್ರೆಯಲ್ಲಿದ್ದ. ಕಾಲು ಊರೋಕೆ ಆಗ್ತಿದ್ದ ಹಾಗೇ ಕೆಲವು ದಿನದ ಮಟ್ಟಿಗೆ ಭಿಕ್ಷುದೀಕ್ಷೆ ತಗೊಂಡ, ಅದರ ಪುಣ್ಯ ದಾವ್‌ಗೆ ಸೇರಲಿ ಅಂತ. ತಲೆ ಜೊತೆ ಹುಬ್ಬೂ ಬೋಳಿಸಿದ್ರು, ನಿನಗೆಲ್ಲಿ ಗುರುತು ಸಿಗಬೇಕು? ಭಿಕ್ಷುಗಳು ಹೆಂಗಸರ ಕೈಯಿಂದ ನೇರವಾಗಿ ತಗೋಬಾರದಲ್ಲ, ಅವನು ಹಾಸಿದ ವಸ್ತ್ರದ ಮೇಲೆ ನೀನೇ ಊಟದ ತಟ್ಟೆ ಇಟ್ಟು ಕೈ ಮುಗಿದೆ."

"ನೀನು ಯಾಕಮ್ಮ ಹೇಳಲಿಲ್ಲ?"

"ಹೆಸರೇ ಬೇಡ ಅಂದವಳಿಗೆ ಏನಂತ ಹೇಳಲಿ?"

ನಪಾ ಅಮ್ಮನ ಮಡಿಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ತಂಗಿಗಾಗಿ ಎಷ್ಟು, ಅವನಿಗಾಗಿ ಎಷ್ಟು... ಅವಳಿಗೇ ತಿಳಿಯಲಿಲ್ಲ.

ಸಭೆಯಲ್ಲಿ ಎಲ್ಲಿ ನೋಡಿದರೂ ಕಿತ್ತಳೆ ಜಾಕೆಟ್‌ಗಳೇ. ಅಧ್ಯಕ್ಷರು ಆ ಸಾಲನ್ನು ಓದಿದ ಕೂಡಲೇ ಗದ್ದಲವೆದ್ದಿತು. ನಡುವಿನಿಂದ ವಿಥೂನ್ ಎದ್ದು ನಿಂತ.

"ಇದು ನನಗೆ ಅನ್ವಯಿಸುತ್ತೆ ಸರ್. ಸರಿಯಾಗೇ ಬರೆದಿದ್ದಾರೆ."

ಜಾಕೆಟ್ ಬಿಚ್ಚಿ ಮಡಿಚಿ ಮೇಜಿನ ಮೇಲಿಟ್ಟ.

ನಪಾ ಎದ್ದಳು.

"ಆ ಸಾಲು ತೆಗೆದುಬಿಡಿ ಸರ್. ಅದನ್ನ ಊರಿಗೋಸ್ಕರ ಬರೀಲಿಲ್ಲ, ನನ್ನ ಸಿಟ್ಟಿಗೋಸ್ಕರ ಬರೆದೆ. ಅದರ ಜಾಗದಲ್ಲಿ ಇದು ಇರಲಿ. ಹೆಲ್ಮೆಟ್ ಹಾಕದ ಗಿರಾಕಿಯನ್ನ ಇಳಿಸಿದ ಸವಾರ ಸರದಿ ಕಳ್ಕೋಬಾರದು. ಸಾಲಲ್ಲಿ ಅವನೇ ಮೊದಲು ನಿಲ್ಲಬೇಕು."

ಸವಾರರೆಲ್ಲ ಚಪ್ಪಾಳೆ ತಟ್ಟಿದರು. ವಿಥೂನ್ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆ ನಿಯಮ ಅಂದೇ ಇದ್ದಿದ್ದರೆ... ಅವನೂ ಅದನ್ನೇ ಯೋಚಿಸುತ್ತಿದ್ದಾನೆಂದು ನಪಾಳಿಗೆ ಗೊತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಅವನು ಒಬ್ಬನೇ ಕೂತಿದ್ದ. ಅವಳು ಬಂದು ಪಕ್ಕದಲ್ಲಿ ಕೂತಳು.

"ನನ್ನನ್ನ ಕ್ಷಮಿಸಿದ್ಯಾ?" ಎಂದ ಅವನು, ನೆಲ ನೋಡುತ್ತ.

"ಗೊತ್ತಿಲ್ಲ. ನಿನ್ನ ನೋಡಿದ್ರೆ ಅವಳ ನೆನಪಾಗುತ್ತೆ. ನೋಡದೇ ಇದ್ರೆ ಒಬ್ಬಳೇ ನೆನಪು ಮಾಡ್ಕೋಬೇಕು. ಅದು ನನ್ನ ಕೈಲಿ ಆಗ್ತಿಲ್ಲ, ವಿಥೂನ್... ನಿನ್ನ ಬಿಟ್ಟು ಇರೋಕೂ ಆಗ್ತಿಲ್ಲ."

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು. "ನನಗೂ ಅಷ್ಟೇ. ಹೇಳೋ ಹಕ್ಕು ಇದ್ಯೋ ಇಲ್ವೋ ಅಂತ ಸುಮ್ಮನಿದ್ದೆ."

ಅವಳು ಮೆಲ್ಲಗೆ ಅವನ ಕೈ ಹಿಡಿದಳು. ಎಷ್ಟೋ ದಿನದಿಂದ ಯಾರನ್ನೂ ಕೇಳಲಾಗದ ಪ್ರಶ್ನೆಯೊಂದು ನಾಲಿಗೆಗೆ ಬಂತು.

"ದಾರಿಯಲ್ಲಿ... ಅವಳು ಏನಾದ್ರೂ ಮಾತಾಡಿದ್ಲಾ?"

"ಹೂಂ." ಅವನೂ ಅವಳ ಕೈ ಬಿಗಿಹಿಡಿದ. "ವಾಪಸ್ ಬರುವಾಗ ಸುಟ್ಟ ಬಾಳೆಹಣ್ಣು ಎಲ್ಲಿ ಸಿಗುತ್ತೆ ಅಂತ ಕೇಳಿದಳು. ನಮ್ಮಕ್ಕ ಆಫೀಸಲ್ಲಿ ಏನೂ ತಿಂದಿರಲ್ಲ, ಬೈದು ತಿನ್ನಿಸ್ಬೇಕು ಅಂದಳು."

ನಪಾಳ ಕಣ್ಣೀರು ಅವನ ಕೈಮೇಲೆ ಬಿತ್ತು. ಅಳುತ್ತಲೇ ನಕ್ಕಳು.

"ಇನ್ನೇನಂದ್ಲು?"

"ಅಷ್ಟೇ ನಪಾ. ದಾರಿ ಚಿಕ್ಕದಿತ್ತು."

ಅವಳು ಅವನ ಭುಜಕ್ಕೆ ಒರಗಿದಳು.

"ಹಾಗಾದ್ರೆ ಮೊದಲಿಂದ ಹೇಳು."