ಅಂಗಾರನ ಕುಟುಂಬ

ಹನ್ನೊಂದು ವರ್ಷದಿಂದ ಪೃಥ್ವಿರಾಜ್ ಬದಲಾಪುರದಿಂದ ಠಾಣೆಗೆ ಮುಂಬೈಯ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬರುತ್ತಿದ್ದ. ಹಾಗಾಗಿ ಕನ್ನಡ ಸಂಘದ ಪತ್ರಿಕೆಯಲ್ಲಿ ಆ ಪ್ರಕಟಣೆ ಕಂಡಾಗ ಅವನ ಕಣ್ಣು ಮೊದಲು ನಿಂತದ್ದು ಮನೆಯೆಂಬ ಮಾತಿನ ಮೇಲೆ. ನೌಪಾಡಾದ ಹೋಟೆಲಿನ ಮುದುಕ ಜಯಶೀಲ ಬರೆಸಿದ್ದರು: 'ನಮ್ಮ ಹಿರಿಯರ ಸುಳ್ಳು ಸಾಕ್ಷಿಯಿಂದ 1912ರಲ್ಲಿ ಮಂಗಳೂರಿನಿಂದ ಅಂಡಮಾನಿಗೆ ಗಡೀಪಾರಾದ ಅಂಗಾರನ ಕುಟುಂಬದವರು ಯಾರಾದರೂ ಉಳಿದಿದ್ದರೆ ಬನ್ನಿ. ಸೀವುಡ್ಸ್‌ನ ನನ್ನ ಮನೆ ಅವರಿಗೆ.'

"ಸೀವುಡ್ಸ್?" ಹೆಂಡತಿ ಅನುಷ್ಕಾ ನಕ್ಕಳು. "ಪೆಹಲೇ ಲೋಕಲ್‌ನಲ್ಲಿ ಒಂದು ಸೀಟ್ ಹಿಡ್ದು ತೋರ್ಸು."

ಅವನು ನಗಲಿಲ್ಲ. ತೀರಿಕೊಂಡ ಅಮ್ಮನ ಪೆಟ್ಟಿಗೆಯಲ್ಲಿ ಅಂಗಾರ ಅಂಡಮಾನಿನಿಂದ ಬರೆಸಿದ ಕಾಗದವಿತ್ತು. 'ತಂಗಿ ಸುಂದರಿಗೆ' ಎಂದು ಶುರು. ಆ ಸುಂದರಿ ಅಮ್ಮನ ಅಮ್ಮನ ಅಮ್ಮನ ತಾಯಿ. ಆದರೆ ತಂಗಿಯ ಕಡೆಯವರನ್ನು ಯಾರು ಕೇಳುತ್ತಾರೆ? ಮಗನ ವಂಶ ಬೇಕು. ಅಂಗಾರನಿಗೋ ಮಗನಿರಲಿಲ್ಲ, 'ನನಗೆ ಮಕ್ಕಳಿಲ್ಲ' ಎಂದು ಕಾಗದದಲ್ಲೇ ಇತ್ತು.

ಮಗನನ್ನು ಪೃಥ್ವಿರಾಜನೇ ಹುಟ್ಟಿಸಿದ. ಹಳೆಯ ಫೋಟೊ ಸರಿಪಡಿಸುವ ಅಂಗಡಿಯಲ್ಲಿ ಅವನ ಕೆಲಸ. ಕಾಗದದ ವಯಸ್ಸು ಮುಟ್ಟಿದರೆ ತಿಳಿಯುತ್ತಿತ್ತು. ಹೊಸ ಹಾಳೆಯನ್ನು ಚಹಾದಲ್ಲಿ ಅದ್ದಿ ಹಳತು ಮಾಡುವುದೆಲ್ಲ ಹುಡುಗಾಟ. ಕಲ್ಯಾಣದ ರದ್ದಿಯಂಗಡಿಯಲ್ಲಿ ನೂರು ವರ್ಷದ ಪುಸ್ತಕವೊಂದು ಸಿಕ್ಕಿತು, ಕೊನೆಯ ಹಾಳೆಗಳು ಖಾಲಿ. ಅದರಲ್ಲಿ ಅಂಗಾರ ಮಗನಿಗೆ ಬರೆಸಿದಂತೆ ಒಂದು ಕಾಗದ ಬರೆದ. ಹೆಸರಿಗೂ ಯೋಚಿಸಿದ, ತುಳುವರ ಹಳೆಯ ಪದ್ಧತಿಯಂತೆ ಹುಟ್ಟಿದ ವಾರದ ಹೆಸರು: ಮಂಗಳವಾರ ಹುಟ್ಟಿದ ಅಂಗಾರನಿಗೆ ಶನಿವಾರ ಹುಟ್ಟಿದ ತನಿಯ. ಆ ತನಿಯ ತನ್ನ ಅಪ್ಪನ ಅಜ್ಜನೆಂದು ಪ್ರಮಾಣಪತ್ರ ಬರೆಸಿದ. ಡೊಂಬಿವಲಿಯಲ್ಲಿದ್ದ ಅಮ್ಮನ ತಂಗಿಯ ಮಕ್ಕಳು ಸುಂದರಿಯ ಹೆಸರು ಹೇಳಿ ಪಾಲಿಗೆ ಬಂದಾರೆಂದು ಇನ್ನೊಂದು ಸಾಲು ಸೇರಿಸಿದ: ಸುಂದರಿ ಮಕ್ಕಳಿಲ್ಲದೆ ಸತ್ತಳು. ನೋಟರಿಯ ಮುಂದೆ ಅದಕ್ಕೂ ಪ್ರಮಾಣ ಮಾಡಿ ಸಹಿ ಹಾಕಿದ. ನಿಜವಾದ ಕಾಗದವನ್ನು ಗ್ಯಾಸ್ ಒಲೆಗೆ ಹಿಡಿದ. ಅದು ಉರಿದುಹೋಗಲು ಅರೆಕ್ಷಣವೂ ಬೇಕಾಗಲಿಲ್ಲ.

ಜಯಶೀಲ ಹೋಟೆಲಿನ ಗಲ್ಲಾದ ಹಿಂದೆ ಕೂತು ಎಲ್ಲವನ್ನೂ ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಲ್ಲ ಸರಿ ಇದೆಯಲ್ಲ, ಅಣ್ಣ?"

"ಸರಿ ಉಂಟು ಮಾರಾಯ. ಒಂದಕ್ಷರ ತಪ್ಪಿಲ್ಲ. ಆ ಕುಟುಂಬ ಮುಗೀತು ಹಾಗಾದ್ರೆ."

"ಮುಗೀತಾ? ನಾನಿದ್ದೇನಲ್ಲ!"

"ನೀನು ತನಿಯನ ಕಡೆ. ತನಿಯ ಅವನ ಅಮ್ಮನ ಮನೆಯವ. ನಮ್ಮದು ಅಳಿಯಸಂತಾನ ಅಲ್ವಾ? ಕುಟುಂಬ ಅಂದ್ರೆ ತಾಯಿ ಕಡೆ; ಅಂಗಾರನದ್ದೆಲ್ಲ ಅವನ ತಂಗಿಯ ಹೆಣ್ಣುಮಕ್ಕಳ ಮಕ್ಕಳಿಗೆ. ಸುಂದರಿಯ ಒಂದು ಕುಡಿ ಸಿಕ್ಕೀತಾ ಅಂತ ಆರು ವರ್ಷ ಹುಡುಕಿದೆ. ಇಲ್ಲ ಅಂತ ನೀನೇ ಸಹಿ ಹಾಕಿ ತಂದಿ." ಮುದುಕ ಕಾಗದಗಳನ್ನು ಜೋಪಾನವಾಗಿ ಮಡಚಿ ಒಳಗಿಟ್ಟರು. "ಕೂತ್ಕೋ ಮಗಾ, ಚಾ ಕುಡಿ. ಎಷ್ಟೊತ್ತಿಂದ ನಿಂತೇ ಇದ್ದಿ."